ಒಂದೇ ದಿಕ್ಕಿಗೆ ನಿಂತ ಹಕ್ಕಿಗಳು

ನಮ್ಮ ಸೊಸೈಟಿಯ ಮೂರನೆಯ ಮಹಡಿಯ ಹುಡುಗಿ ಟೆಕ್ಸ್‌ಟೈಲ್ ಡಿಸೈನ್ ಓದಿ ಮುಗಿಸಿದ್ದಾಳೆ. ಬರುವ ತಿಂಗಳಿನಿಂದ ನವಿ ಮುಂಬೈಯ ಒಂದು ಸ್ಟುಡಿಯೋದಲ್ಲಿ ಆರು ತಿಂಗಳ ಇಂಟರ್ನ್‌ಶಿಪ್. ಅವಳಪ್ಪ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ನೀವು ಜೀವಮಾನವೆಲ್ಲ ಇದೇ ಲೈನಿನಲ್ಲಿ ಇದ್ದವರು, ಇವಳಿಗೆ ನಾಲ್ಕು ಮಾತು ಹೇಳಿ ಎಂದರು. ನಾನು ಹೇಳಿದ್ದೇನು? ನೀರಿನ ಬಾಟಲಿ ಮರೆಯಬೇಡ, ಕಣ್ಣಿಗೆ ಆಗಾಗ ವಿಶ್ರಾಂತಿ ಕೊಡು, ಲೋಕಲ್ ಟ್ರೇನಿನಲ್ಲಿ ಪೋರ್ಟ್‌ಫೋಲಿಯೋ ಚೀಲವನ್ನು ಎದೆಗವಚಿಕೊಂಡು ನಿಲ್ಲು. ಅವರು ಹೋದ ಮೇಲೆ ನನಗೇ ನಾಚಿಕೆಯಾಯಿತು. ಹೇಳಬೇಕಾದದ್ದು ಬೇರೆ ಇತ್ತು. ಅದು ಒಂದು ಕಪ್ ಚಹಾ ಆರುವಷ್ಟರಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಕುಂದಾಪುರದ ಕಡೆಯವನು. ಹದಿನೆಂಟಕ್ಕೆ ಠಾಣೆಗೆ, ಸೋದರಮಾವನ ಹೋಟೆಲಿಗೆ ಬಂದೆ. ಬಡಿಸಲು ಬಿಟ್ಟರೆ ಗಿರಾಕಿಯ ಮೈಮೇಲೆ ಸಾಂಬಾರು ಚೆಲ್ಲುತ್ತಿದ್ದೆ. ಅಡುಗೆಮನೆಗೆ ಕಳಿಸಿದರೆ ಅಲ್ಲಿಯ ಭಟ್ಟರು ವಾಪಸು ಕಳಿಸುತ್ತಿದ್ದರು. ಕೊನೆಗೆ ಬಾಗಿಲ ಬಳಿಯ ಕರಿಹಲಗೆಯಲ್ಲಿ ಆ ದಿನದ ತಿಂಡಿಗಳ ಹೆಸರು ಬರೆಯುವ ಕೆಲಸ ಕೊಟ್ಟರು. ನಾನು ಬರೀ ಹೆಸರು ಬರೆದು ಸುಮ್ಮನಾಗುವವನಲ್ಲ, ಸುತ್ತ ಹೂಬಳ್ಳಿ ಹಬ್ಬಿಸುತ್ತಿದ್ದೆ. ಅಲ್ಲಿಗೆ ದಿನಾ ಚಹಾಕ್ಕೆ ಬರುತ್ತಿದ್ದ ಸಾಳವಿ ಎಂಬ ಡಿಸೈನ್ ಮಾಸ್ಟರ್ ಆ ಬಳ್ಳಿ ನೋಡಿ ನನ್ನನ್ನು ಡೊಂಬಿವಲಿಯ ತಮ್ಮ ಕಾರ್ಖಾನೆಗೆ ಎಳೆದುಕೊಂಡು ಹೋದರು. ಸೋದರಮಾವ ತಡೆಯಲಿಲ್ಲ. ಪೀಡೆ ತೊಲಗಿತು ಎಂದುಕೊಂಡಿರಬೇಕು.

ಅದು ಅಲ್ಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಟ್ಟೆ ಪ್ರಿಂಟಿಂಗ್ ಕಾರ್ಖಾನೆ. ಬಿಳಿ ಬಟ್ಟೆ ಬರುತ್ತಿತ್ತು, ಹೂವು ಹತ್ತಿಸಿಕೊಂಡು ಹೋಗುತ್ತಿತ್ತು. ನೈಟಿ ಬಟ್ಟೆ, ಪರದೆ ಬಟ್ಟೆ, ಬೆಡ್‌ಶೀಟು, ಇಷ್ಟೇ ನಮ್ಮ ಲೋಕ. ಮೇಲ್ಮಹಡಿಯಲ್ಲಿ ಸ್ಟುಡಿಯೋ. ಕೆಳಗೆ ಮೆಷಿನ್ ಓಡತೊಡಗಿದರೆ ನಮ್ಮ ಬ್ರಶ್ ತೊಳೆಯುವ ನೀರಿನಲ್ಲಿ ಸಣ್ಣ ಅಲೆ ಏಳುತ್ತಿತ್ತು. ಆ ದಿನ ಯಾವ ಬಣ್ಣ ಓಡುತ್ತಿದೆ ಎಂದು ಕಿಟಕಿಯಿಂದ ಗಟಾರ ನೋಡಿ ಹೇಳಬಹುದಿತ್ತು. ಆ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಶುಕ್ರವಾರ ರಜೆ ಇರುತ್ತಿತ್ತು. ಗುರುವಾರ ಸಂಜೆ ಮನೆಗೆ ಹೋದರೆ ಆ ವಾಸನೆಯಿಲ್ಲದೆ ಏನೋ ಕಳೆದುಕೊಂಡಂತೆ ಆಗುತ್ತಿತ್ತು. ಈಗಲೂ ಯಾರಾದರೂ ಹೊಸ ಬೆಡ್‌ಶೀಟ್ ಬಿಚ್ಚಿದರೆ ನಾನು ಮೊದಲು ಮೂಸಿ ನೋಡುತ್ತೇನೆ. ಹೆಂಡತಿ ನನ್ನ ಈ ಚಟಕ್ಕೆ ನಗುತ್ತಾಳೆ.

ಸಾಳವಿ ಮಾಸ್ಟರ್ ಕೈಕೆಳಗೆ ಮೊದಲ ವರ್ಷ ಬ್ರಶ್ ತೊಳೆದೆ, ಎರಡನೆಯ ವರ್ಷ ಟ್ರೇಸಿಂಗ್ ಮಾಡಿದೆ. ಅವರ ಕೈಯಲ್ಲಿ ಗುಲಾಬಿ ಅರಳುವುದನ್ನು ನೋಡುತ್ತಾ ನಿಂತರೆ ಊಟದ ಹೊತ್ತು ಮೀರಿದ್ದೂ ತಿಳಿಯುತ್ತಿರಲಿಲ್ಲ. ಮೂರು ಎಳೆಯ ಬ್ರಶ್ಶಿನಲ್ಲಿ ದಳದ ಅಂಚು ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದರು, ಸುತ್ತ ನಿಂತ ನಾವೂ ಹಿಡಿಯುತ್ತಿದ್ದೆವು. ಆದರೆ ಬಣ್ಣ ಬೆರೆಸುವಾಗ ಮಾತ್ರ ನಮಗೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಅವರದೊಂದು ಬೂದು ಮಿಶ್ರಿತ ಹಸಿರು ಇತ್ತು, ಮಾರ್ಕೆಟಿನಲ್ಲಿ ಇನ್ನಾರಿಗೂ ಬಾರದ್ದು. ಹೇಗೆ ಬರುತ್ತದೆ ಎಂದು ಕೇಳಿದರೆ ನಿನಗೂ ವಯಸ್ಸಾಗಲಿ, ಬರುತ್ತದೆ ಎನ್ನುತ್ತಿದ್ದರು. ವಯಸ್ಸಾಯಿತು, ಆ ಹಸಿರು ಮಾತ್ರ ಬರಲಿಲ್ಲ. ನಾನು ಮಾಸ್ಟರ್ ಆದರೆ ಕಲಿಯಲು ಬಂದವರಿಗೆ ಬೆನ್ನು ತಿರುಗಿಸುವುದಿಲ್ಲ ಎಂದು ಆಗಲೇ ನಿಶ್ಚಯ ಮಾಡಿಕೊಂಡಿದ್ದೆ. ಬಣ್ಣದ ಮಟ್ಟಿಗೆ ಆ ಮಾತನ್ನು ಉಳಿಸಿಕೊಂಡೆ ಕೂಡ.

ಅವರು ಕಲಿಸಿದ್ದರಲ್ಲಿ ದೊಡ್ಡದು ಕಣ್ಣು ಅರ್ಧ ಮುಚ್ಚಿ ನೋಡುವುದು. ಮೇಜಿನ ಮೇಲೆ ಡಿಸೈನ್ ಎಷ್ಟು ಚೆನ್ನಾಗಿ ಕಂಡರೂ ನಂಬಬಾರದು. ಗೋಡೆಗೆ ತೂಗುಹಾಕಿ ಹತ್ತು ಹೆಜ್ಜೆ ಹಿಂದೆ ನಿಂತು ಅರೆಗಣ್ಣಿನಲ್ಲಿ ನೋಡಬೇಕು. ಬಟ್ಟೆಯಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತದಲ್ಲ, ಅದನ್ನು ರಿಪೀಟ್ ಎನ್ನುತ್ತಾರೆ. ರಿಪೀಟ್ ಕೂಡುವ ಕಡೆ ಹೂಗಳ ನಡುವೆ ಜಾಗ ಹೆಚ್ಚು ಬಿಟ್ಟರೆ ಉದ್ದಕ್ಕೂ ಬಿಳಿ ದಾರಿಗಳು ತೋರುತ್ತವೆ. ನಾನು ಮಾಸ್ಟರ್ ಆದ ವರ್ಷವೇ ಅಂಥದ್ದೊಂದು ಬೆಡ್‌ಶೀಟ್ ಪಾಸು ಮಾಡಿ ಮರ್ಯಾದೆ ಕಳೆದುಕೊಂಡೆ. ಹೂವು ಒಂದೊಂದೂ ಚಂದ. ಹಾಸಿಗೆಗೆ ಹಾಸಿದರೆ ಅಡ್ಡಕ್ಕೂ ಉದ್ದಕ್ಕೂ ಬರೀ ಗೆರೆ. ಕಾರ್ಖಾನೆಯ ಮಾಲೀಕರಾದ ಸೇಠ್ ಅದನ್ನು ನೋಡಿ, ಮಾಸ್ಟರ್, ದಿವಾ ಜಂಕ್ಷನ್ನಿನ ಹಳಿಗಳ ಮೇಲೆ ಯಾರು ಮಲಗುತ್ತಾರೆ ಎಂದು ಕೇಳಿದರು. ಇಡೀ ಕಾರ್ಖಾನೆ ನಕ್ಕಿತು. ಒಂದು ವರ್ಷ ಕಾಲ ನನ್ನನ್ನು ಸ್ಟೇಷನ್ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಆದರೆ ಆ ತಪ್ಪು ನನ್ನದೆಂದು ಎಲ್ಲರ ಮುಂದೆ ಒಪ್ಪಿಕೊಳ್ಳುವುದು ಆಗ ನನಗೆ ಕಷ್ಟವಾಗಲಿಲ್ಲ. ಪ್ರಾಯ ಚಿಕ್ಕದಿತ್ತು, ಕೆಲಸ ಹೋದರೆ ಇನ್ನೊಂದು ಸಿಗುತ್ತದೆ ಎಂಬ ಧೈರ್ಯವಿತ್ತು.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷಕ್ಕೆ ಸ್ಟುಡಿಯೋಗೆ ಕಂಪ್ಯೂಟರ್ ಬಂತು. ಅದರ ಜೊತೆ ಅದನ್ನು ಓಡಿಸುವ ನೀಲೇಶ್ ಎಂಬ ಬದಲಾಪುರದ ತರುಣ ಬಂದ. ಒಂದು ಎಲೆಗೆ ಅರ್ಧ ಗಂಟೆ ಕೂರುವವನು ನಾನು. ಅವನು ಒಂದು ಎಲೆಯನ್ನು ಕಣ್ಣು ಮಿಟುಕಿಸುವುದರೊಳಗೆ ನೂರು ಮಾಡಿ ಹರಡುತ್ತಿದ್ದ. ಗಿಡದಲ್ಲಿ ಒಂದರ ಹಾಗೆ ಇನ್ನೊಂದು ಎಲೆ ಇರುತ್ತದೆಯೇ ಎಂದು ಜಗಳ ತೆಗೆಯುತ್ತಿದ್ದೆ. ನೈಟಿ ಹಾಕಿಕೊಳ್ಳುವವರು ಎಲೆ ಎಣಿಸುವುದಿಲ್ಲ ಮಾಸ್ಟರ್ ಎಂದು ಅವನು ನಗುತ್ತಿದ್ದ. ಕೊನೆಗೆ ನಾನೂ ಕಲಿಯಲು ಕೂತೆ. ಮೊದಲ ದಿನ ಮೌಸನ್ನು ತಳ್ಳುತ್ತಾ ತಳ್ಳುತ್ತಾ ಮೇಜಿನ ಅಂಚಿಗೆ ಬಂದು, ಇನ್ನು ಎಲ್ಲಿಗೆ ಒಯ್ಯಲಿ ಎಂದು ಅವನನ್ನೇ ಕೇಳಿದೆ. ಅವನು ನಗದೆ, ಎತ್ತಿ ಹಿಂದಕ್ಕೆ ಇಡಿ ಎಂದು ತೋರಿಸಿದ. ಒಳ್ಳೆಯ ಹುಡುಗ. ಆದರೂ ಅವನನ್ನು ಕಂಡರೆ ನನಗೆ ಭಯವಿತ್ತು ಎಂಬುದನ್ನು ಇಲ್ಲಿ ಬರೆದುಬಿಡಬೇಕು. ಐದು ಜನ ಕೂರುತ್ತಿದ್ದ ಸ್ಟುಡಿಯೋ ಮೂರು ಜನಕ್ಕೆ ಇಳಿದಿತ್ತು. ಸೇಠ್ ಮೇಲೆ ಬಂದಾಗಲೆಲ್ಲ ನೀಲೇಶನ ಹಿಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಆಗ ನನಗೆ ಐವತ್ತು. ಈ ಕೈ ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

ಅದೇ ಕಾಲಕ್ಕೆ ಕಾಲೇಜುಗಳಿಂದ ಇಂಟರ್ನ್‌ಗಳು ಬರತೊಡಗಿದ್ದು. ವರ್ಷಕ್ಕೆ ಒಬ್ಬರೋ ಇಬ್ಬರೋ, ಹೆಚ್ಚಿನವರು ಹುಡುಗಿಯರು. ಬರುವಾಗ ಎಲ್ಲರ ಕಣ್ಣಲ್ಲೂ ಒಂದೇ ಹೊಳಪು. ತಮ್ಮದೇ ಡಿಸೈನ್, ತಮ್ಮದೇ ಕಲೆಕ್ಷನ್, ಅದರ ಕೆಳಗೆ ತಮ್ಮದೇ ಹೆಸರು. ನಾವು ಅವರ ಕೈಗೆ ಕೊಡುತ್ತಿದ್ದದ್ದು ಮ್ಯಾಚಿಂಗ್ ಕೆಲಸ. ಎಂದರೆ ಬೇರೆಯವರು ಬಿಡಿಸಿದ ಒಂದೇ ಹೂವಿಗೆ ನಾಲ್ಕು ಬಗೆಯ ಬಣ್ಣ ತುಂಬುವುದು, ನೀಲಿ, ಮರೂನ್, ಹಸಿರು, ಕಾಫಿ. ಅದು ಮುಗಿದರೆ ಹಳೆಯ ನಮೂನೆ ಬಟ್ಟೆಯ ತುಂಡುಗಳಿಗೆ ಲೇಬಲ್ ಹಚ್ಚುವುದು. ಮೊದಲ ವಾರ ಅವರು ಹೊಸ ಕುರ್ತಾ ಹಾಕಿ ಬರುತ್ತಿದ್ದರು, ಮೂರನೆಯ ವಾರಕ್ಕೆ ಬಣ್ಣ ತಾಗಿದರೂ ಚಿಂತೆಯಿಲ್ಲದ ಹಳೆಯದು. ಇವರಿಗೆ ನಿರಾಸೆಯಾಗಿದೆ ಎಂದು ನಮಗೆ ಅದರಿಂದಲೇ ಗೊತ್ತಾಗುತ್ತಿತ್ತು. ನಾವೂ ಬ್ರಶ್ ತೊಳೆದೇ ಬಂದವರು, ಇವರೂ ತೊಳೆಯಲಿ ಎಂದು ನಮಗೆ ಒಳಗೊಳಗೆ ಒಂದು ಖುಷಿಯೂ ಇತ್ತು. ಅದು ಒಳ್ಳೆಯ ಖುಷಿಯಲ್ಲ.

ಇನ್ನೊಂದು ಪದ್ಧತಿಯನ್ನು ಹೇಳಬೇಕು. ಪ್ರತಿ ಡಿಸೈನಿಗೂ ಒಂದು ದಪ್ಪ ಕಾಗದದ ಕಾರ್ಡು ಇರುತ್ತಿತ್ತು. ಅದರಲ್ಲಿ ಡಿಸೈನ್ ನಂಬರು, ಯಾವ ಬಟ್ಟೆಗೆ, ಎಷ್ಟು ಬಣ್ಣ, ಕೆಳಗೆ ಮಾಸ್ಟರ್ ಸಹಿ. ಆ ಸಹಿಯಿಲ್ಲದೆ ಕೆಳಗೆ ಒಂದು ಮೀಟರು ಬಟ್ಟೆಯೂ ಓಡುತ್ತಿರಲಿಲ್ಲ. ಬಿಡಿಸಿದವರ ಹೆಸರಿಗೆ ಕಾರ್ಡಿನಲ್ಲಿ ಜಾಗವೇ ಇರಲಿಲ್ಲ. ನನ್ನ ಕೈಯಿಂದ ಸಾವಿರಾರು ಹೂಗಳು ಹೊರಟುಹೋಗಿವೆ. ಲೋಕಲ್ಲಿನ ಕಿಟಕಿಯಿಂದ ದಾರಿಯುದ್ದಕ್ಕೂ ಬಾಲ್ಕನಿಗಳಲ್ಲಿ ಒಣಗುತ್ತಿರುವ ನನ್ನ ಪರದೆ, ನನ್ನ ಬೆಡ್‌ಶೀಟು ನೋಡಿದ್ದೇನೆ. ಇದು ನಾನು ಬಿಡಿಸಿದ್ದು ಎಂದು ಪಕ್ಕದವನಿಗೆ ಹೇಳಬೇಕು ಎನ್ನಿಸುತ್ತಿತ್ತು. ಹೇಳುತ್ತಿರಲಿಲ್ಲ. ನಂಬರಿನಲ್ಲಿ ಬದುಕುವುದೇ ನಮ್ಮ ಕಸುಬು.

ರಶ್ಮಿ ಬಂದದ್ದು ಕಂಪ್ಯೂಟರ್ ಬಂದ ನಾಲ್ಕನೆಯ ವರ್ಷ. ಕೋಟದ ಕಡೆಯವರು, ಅಪ್ಪ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅವಳು ಹುಟ್ಟಿ ಬೆಳೆದದ್ದೆಲ್ಲ ಕಲ್ಯಾಣದಲ್ಲೇ, ಡಿಗ್ರಿ ಮಾಡಿದ್ದು ನೆರೂಳಿನಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅರ್ಧ ಹಿಂದಿ, ಅರ್ಧ ನಮ್ಮೂರ ಕನ್ನಡ ಕಲಸಿ ಉತ್ತರಿಸುತ್ತಿದ್ದಳು. ಸ್ಟುಡಿಯೋದಲ್ಲಿ ನಮ್ಮ ಭಾಷೆಯ ಇನ್ನೊಂದು ದನಿ ಕೇಳಿ ಎಷ್ಟೋ ವರ್ಷಗಳಾಗಿದ್ದವು, ನನಗೆ ಅವಳೆಂದರೆ ಮೊದಲ ದಿನದಿಂದಲೇ ಅಕ್ಕರೆ. ಡಬ್ಬಿಯ ಪಲ್ಯ ಹಂಚಿಕೊಂಡು ತಿನ್ನುತ್ತಿದ್ದೆವು. ಅವಳು ಮೂರು ತಿಂಗಳು ಗೊಣಗದೆ ಮ್ಯಾಚಿಂಗ್ ಮಾಡಿದಳು, ಲೇಬಲ್ ಹಚ್ಚಿದಳು. ಬಣ್ಣ ಬೆರೆಸುವುದನ್ನು ನಾನು ಅವಳಿಗೆ ಮುಖಾಮುಖಿ ಕೂತು ಕಲಿಸಿದೆ. ಒಂದು ಸಲ ತೋರಿಸಿದ್ದನ್ನು ಎರಡನೆಯ ಸಲ ಕೇಳಿದವಳಲ್ಲ.

ಅವಳು ಒಂದು ಚಿತ್ರ ಮನೆಯಲ್ಲಿ ಮಾಡಿಕೊಂಡು ತಂದಳು. ಕಾಲೇಜಿನ ಹತ್ತಿರದ ಖಾಡಿಯಲ್ಲಿ, ಎಂದರೆ ಸಮುದ್ರದ ಹಿನ್ನೀರಿನಲ್ಲಿ, ಚಳಿಗಾಲಕ್ಕೆ ಫ್ಲೆಮಿಂಗೋಗಳು ಇಳಿಯುತ್ತವೆ, ಮೂರು ವರ್ಷ ಅವುಗಳನ್ನು ನೋಡುತ್ತಾ ಓದಿದವಳು ಅವಳು. ಕೆಸರಿನ ಬೂದು ಬಣ್ಣದ ಮೇಲೆ ತಿಳಿಗುಲಾಬಿ ಹಕ್ಕಿಗಳು, ಉದ್ದ ಕಾಲು, ಒಂದು ಕತ್ತು ಬಗ್ಗಿಸಿದೆ, ಒಂದು ಎತ್ತಿದೆ, ಯಾವುದೂ ಇನ್ನೊಂದರ ಹಾಗಿಲ್ಲ. ಗೋಡೆಗೆ ತೂಗುಹಾಕಿ ಹತ್ತು ಹೆಜ್ಜೆ ಹಿಂದೆ ಹೋಗಿ ಕಣ್ಣು ಅರ್ಧ ಮುಚ್ಚಿದೆ. ಎಲ್ಲೂ ಒಂದು ಗೆರೆ ಇಲ್ಲ. ಕಣ್ಣು ಪೂರ್ತಿ ತೆರೆದರೂ ನೋಡುತ್ತಲೇ ಇರಬೇಕು ಎನ್ನಿಸಿತು. ನೀಲೇಶ್ ಕೂಡ ಕುರ್ಚಿ ಬಿಟ್ಟು ಎದ್ದು ಬಂದ.

ಆಗ ಅವಳು ಒಂದು ಪ್ರಶ್ನೆ ಕೇಳಿದಳು, ಅದನ್ನು ನಾನು ಮರೆತಿಲ್ಲ. 'ಮಾಸ್ಟರ್, ಹಕ್ಕಿ ಎಲ್ಲ ಒಂದೇ ಡೈರೆಕ್ಷನ್ ಉಂಟಲ್ಲ, ಚಲೇಗಾ ಕ್ಯಾ?'

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೈಟಿ ಬಟ್ಟೆಯ ಡಿಸೈನಿನಲ್ಲಿ ಅರ್ಧ ಹೂವು ಮೇಲ್ಮುಖ, ಅರ್ಧ ಕೆಳಮುಖ ಇರಲೇಬೇಕು. ನೈಟಿ ಹೊಲಿಸುವ ಕಡೆ ಕಟಿಂಗ್ ಮಾಸ್ಟರ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ನೈಟಿಯ ಮುಂಭಾಗದ ತುಂಡಿನ ತಲೆಯ ಪಕ್ಕಕ್ಕೆ ಬೆನ್ನಿನ ತುಂಡಿನ ಕಾಲು ಬರುವಂತೆ ಇಟ್ಟು ಒಂದೇ ಸಲ ಕತ್ತರಿಸುತ್ತಾನೆ. ಹಾಗೆ ಮಾಡಿದರೆ ಬಟ್ಟೆ ದಂಡವಾಗುವುದಿಲ್ಲ. ಎರಡು ಕಡೆಯಿಂದಲೂ ಒಂದೇ ಥರ ಕಾಣುವ ಅಂಥ ಡಿಸೈನಿಗೆ ಟೂ-ವೇ ಎನ್ನುತ್ತಾರೆ. ಪರದೆಗೆ ಆ ಕಟ್ಟುಪಾಡಿಲ್ಲ. ಪರದೆ ನೇತಾಡುವುದು ಒಂದೇ ದಿಕ್ಕಿಗೆ. ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ, ಆದರೆ ಅವಳಿಗೆ ಹೇಗೋ ಸಂಶಯ ಬಂದಿತ್ತು. ಇದು ಪರದೆಗೆ, ಧಾರಾಳವಾಗಿ ನಡೆಯುತ್ತದೆ ಎಂದೆ. ಕಾರ್ಡಿನಲ್ಲಿ ಪರದೆ ಎಂದೇ ನನ್ನ ಕೈಯಾರೆ ಬರೆದೆ. ಅಷ್ಟಕ್ಕೆ ಬಿಡದೆ ಇನ್ನೊಂದು ಮಾತೂ ಕೊಟ್ಟೆ: ಇದು ಚೆನ್ನಾಗಿ ಓಡಿದರೆ ಸೇಠ್ ಹತ್ತಿರ ಹೇಳಿ ನಿನ್ನನ್ನು ಇಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುವಂತೆ ಮಾಡುತ್ತೇನೆ. ಅವಳು ಅಂದು ಸಂಜೆ ಸ್ಟುಡಿಯೋದಿಂದಲೇ ಅಪ್ಪನಿಗೆ ಫೋನ್ ಮಾಡಿ ಹೇಳಿದಳು. ಹುಡುಗಿಗೆ ಹತ್ತಿರದಲ್ಲೇ ಕೆಲಸ ಸಿಕ್ಕಿತು ಎಂದು ಆ ಮನುಷ್ಯ ಹೋಟೆಲಿನವರಿಗೆಲ್ಲ ಹೇಳಿಕೊಂಡು ಬಂದರಂತೆ.

ಎರಡು ವಾರ ಕಳೆದು ಪರದೆ ಬಟ್ಟೆ ಕೊಳ್ಳಬೇಕಿದ್ದ ಪಾರ್ಟಿ ಆರ್ಡರ್ ರದ್ದು ಮಾಡಿತು. ಡಿಸೈನ್ ಅಚ್ಚೊತ್ತುವ ಸ್ಕ್ರೀನ್ ತಯಾರಾಗಿತ್ತು, ಕೆಳಗೆ ಮೆಷಿನ್ ಖಾಲಿ ನಿಂತಿತ್ತು. ಉಲ್ಹಾಸನಗರದ ನೈಟಿ ಪಾರ್ಟಿಗೆ ಅದೇ ಡಿಸೈನ್ ಹಿಡಿಸಿತು. ನಮ್ಮ ಕಾರ್ಖಾನೆಯ ಮ್ಯಾನೇಜರ್ ಕಾರ್ಡಿನಲ್ಲಿ ಪರದೆ ಎಂದಿದ್ದನ್ನು ಹೊಡೆದುಹಾಕಿ ನೈಟಿ ಎಂದು ಬರೆದು ಸಹಿಗೆಂದು ಮೇಲೆ ಕಳಿಸಿದರು. ಅಂದು ಗುರುವಾರ. ಮರುದಿನ ರಜೆ, ಅದಕ್ಕೆ ಗುರುವಾರ ಸಂಜೆ ಕಾರ್ಡುಗಳ ರಾಶಿಯೇ ಬಂದು ಬೀಳುತ್ತಿತ್ತು. ನನಗೆ ಲೋಕಲ್ ತಪ್ಪೀತೆಂಬ ಆತುರ. ಒಂದೊಂದನ್ನೂ ತೆರೆದು ನೋಡದೆ ಮೂಲೆ ಎತ್ತಿ ಎತ್ತಿ ಸಹಿ ಹಾಕುತ್ತಾ ಹೋದೆ. ಮಾಸ್ಟರ್ ಸಹಿ ಇರುವುದೇ ಇಂಥ ತಪ್ಪು ಹಿಡಿಯಲಿಕ್ಕೆ. ಆ ಸಂಜೆ ನಾನು ಹಿಡಿದದ್ದು ಲೋಕಲ್ಲನ್ನು ಮಾತ್ರ.

ಬಟ್ಟೆ ಹೋಯಿತು. ಪಾರ್ಟಿಯ ಕಟಿಂಗ್ ಮಾಸ್ಟರ್ ಎಂದಿನಂತೆ ಪದರ ಹಾಸಿ ಮೆಷಿನ್ ಓಡಿಸಿದ. ನೈಟಿ ಬಟ್ಟೆ ಎಂದ ಮೇಲೆ ಟೂ-ವೇ ಇದ್ದೇ ಇರುತ್ತದೆ ಎಂದು ಅವನ ನಂಬಿಕೆ, ಹಕ್ಕಿ ಯಾವ ಕಡೆ ನೋಡುತ್ತಿದೆ ಎಂದು ನೋಡುವ ಅಭ್ಯಾಸವೇ ಅವನಿಗಿಲ್ಲ. ಹೊಲಿದು ಬಂದ ನೈಟಿಗಳಲ್ಲಿ ಮುಂಭಾಗದ ಹಕ್ಕಿಗಳು ಕಾಲಮೇಲೆ ನಿಂತಿದ್ದರೆ, ಬೆನ್ನಿನ ಹಕ್ಕಿಗಳೆಲ್ಲ ತಲೆಕೆಳಗಾಗಿ ಕಾಲು ಮೇಲೆತ್ತಿದ್ದವು.

ಪಾರ್ಟಿಯವನು ಒಂದು ನೈಟಿ ಹಿಡಿದುಕೊಂಡು ಬಂದ. ಅವನ ಹಿಂದೆ ಸೇಠ್, ಸೇಠ್ ಹಿಂದೆ ಮ್ಯಾನೇಜರ್. ನೈಟಿಯನ್ನು ನಮ್ಮ ಗಾಜಿನ ಮೇಜಿನ ಮೇಲೆ ಬೆನ್ನು ಮೇಲಾಗಿ ಹರಡಿದರು. ಮೇಜಿನ ಕೆಳಗಿನ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಹಕ್ಕಿಗಳು ಒಂದೊಂದೂ ಸ್ಪಷ್ಟ. ರಶ್ಮಿ ಎರಡು ಹೆಜ್ಜೆ ದೂರದಲ್ಲಿ ಲೇಬಲ್ ಕತ್ತರಿಸುತ್ತಾ ಕೂತಿದ್ದಳು. ನೋಡಿದ ಕ್ಷಣವೇ ನನಗೆ ಗುರುವಾರದ ರಾಶಿ ನೆನಪಾಯಿತು. ಯಾವ ಕಾರ್ಡು, ಯಾವ ಸಹಿ, ಎಲ್ಲ ಹೊಳೆದುಹೋಯಿತು.

ಸೇಠ್ ಗದರುವ ಮನುಷ್ಯನಲ್ಲ. ಮೆಲ್ಲಗೆ ಕೇಳಿದರು. 'ಮಾಸ್ಟರ್, ಯೇ ಡಿಸೈನ್ ಕಿಸ್ಕಾ ಹೈ?'

ಅವರು ನೀಲೇಶನ ಕುರ್ಚಿಯ ಹಿಂದೆ ನಿಂತಿದ್ದರು. ಅದೂ ನನ್ನ ಕಣ್ಣಿಗೆ ಬಿತ್ತು. ನಾನು ಹೇಳಿದೆ: 'ರಶ್ಮಿ ಕಾ. ಇಂಟರ್ನ್.'

ಸುಳ್ಳು ಹೇಳಲಿಲ್ಲ ನೋಡಿ. ಡಿಸೈನ್ ಅವಳದೇ. ಅಷ್ಟು ವರ್ಷಗಳಲ್ಲಿ ಆ ಸ್ಟುಡಿಯೋದಲ್ಲಿ ಒಂದು ಡಿಸೈನಿನ ಜೊತೆ ಬಿಡಿಸಿದವರ ಹೆಸರು ಗಟ್ಟಿಯಾಗಿ ಕೇಳಿಬಂದದ್ದು ಅದೇ ಮೊದಲು. ಅದು ಹೀಗೆ ಕೇಳಿಬಂತು. ಸೇಠ್ ತಲೆ ಅಲ್ಲಾಡಿಸಿದರು. ಹೊಸಬರ ಚಿತ್ರವನ್ನು ಇನ್ನು ಮುಂದೆ ಸ್ಕ್ರೀನಿಗೆ ಹಾಕಬೇಡಿ ಎಂದರು, ಅಷ್ಟೇ. ಪಾರ್ಟಿಯವನು ಮಾತ್ರ ರಶ್ಮಿಯನ್ನು ನೋಡುತ್ತಾ, ಕಾಲೇಜಿನಲ್ಲಿ ಹಕ್ಕಿಯ ತಲೆ ಯಾವುದು ಕಾಲು ಯಾವುದು ಎಂದು ಕಲಿಸಲಿಲ್ಲವೇ ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ನಕ್ಕದ್ದು ನಿಜ. ರಶ್ಮಿ ಕತ್ತರಿ ಕೆಳಗಿಟ್ಟು ನನ್ನ ಕಡೆ ನೋಡಿದಳು. ಅದು ಪರದೆಗೆಂದು ಬಿಡಿಸಿದ್ದು ಎಂಬ ಒಂದು ಮಾತು ಅವಳು ಆಡಬಹುದಿತ್ತು. ಆಡಲಿಲ್ಲ. ಆಡಬೇಕಾದವನು ಪಕ್ಕದಲ್ಲೇ ನಿಂತಿದ್ದಾನಲ್ಲ, ಅವನು ಆಡಲಿ ಎಂದು ಕಾಯುತ್ತಿರುವಂತಿತ್ತು ಅವಳ ಮುಖ.

ಅಂದು ಮಧ್ಯಾಹ್ನ ಅವಳು ಡಬ್ಬಿ ತೆರೆಯಲಿಲ್ಲ. ಮರುದಿನದಿಂದ ತೆರೆದಳು, ಆದರೆ ತನ್ನ ಮೇಜಿನಲ್ಲೇ. ನಾನು ಪಲ್ಯ ಕೊಟ್ಟರೆ ಬೇಡ ಎನ್ನುತ್ತಿರಲಿಲ್ಲ, ತಾನಾಗಿ ಎದ್ದು ಬರುತ್ತಿರಲಿಲ್ಲ. ಸೇಠ್ ಹತ್ತಿರ ಹೋಗಿ ಹೇಳಬೇಕು ಎಂದು ನಾನು ದಿನಾ ಅಂದುಕೊಳ್ಳುತ್ತಿದ್ದೆ. ಇವತ್ತು ಅವರ ಮೂಡ್ ಸರಿಯಿಲ್ಲ, ಇವತ್ತು ಪಾರ್ಟಿ ಬಂದಿದೆ, ಇವತ್ತು ನೀಲೇಶ್ ಇದ್ದಾನೆ. ಹೀಗೆ ದಿನಕ್ಕೊಂದು ನೆವ. ಇಂಟರ್ನ್ ಹೇಗೂ ಹೋಗುವವಳು, ಎಳೆಯ ಪ್ರಾಯ, ಇನ್ನೊಂದು ಕಡೆ ಸಿಗುತ್ತದೆ; ನನ್ನದು ಹಾಗಲ್ಲ ಎಂದು ಸಮಾಧಾನ ಹೇಳಿಕೊಂಡೆ. ಉಳಿದ ಎರಡು ತಿಂಗಳು ಅವಳಿಗೆ ಚಿತ್ರದ ಕೆಲಸ ಸಿಗಲಿಲ್ಲ. ಹತ್ತು ವರ್ಷದ ಹಳೆಯ ಕಾರ್ಡು, ತುಂಡುಗಳನ್ನೆಲ್ಲ ನಂಬರು ಪ್ರಕಾರ ಫೈಲ್ ಮಾಡಿದಳು. ಆ ಕಪಾಟು ಅಷ್ಟು ಅಚ್ಚುಕಟ್ಟಾಗಿ ಅದಕ್ಕೆ ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಿಲ್ಲ. ಬೇಕಾದ ಡಿಸೈನ್ ಕೈಹಾಕಿದ ಕೂಡಲೇ ಸಿಗುತ್ತಿತ್ತು.

ಕೊನೆಯ ದಿನ ಅವಳಿಗೆ ಕೊಡುವ ಸರ್ಟಿಫಿಕೇಟಿನ ಒಕ್ಕಣೆಯನ್ನು ನಾನೇ ಬರೆದುಕೊಟ್ಟೆ. ಡಿಸೈನ್ ವಿಭಾಗದಲ್ಲಿ ಸಹಾಯ ಮಾಡಿದ್ದಾರೆ, ನಡತೆ ಒಳ್ಳೆಯದು. ಫ್ಲೆಮಿಂಗೋ ವಿಷಯ ಅದರಲ್ಲಿ ಹೇಗೆ ಬರೆಯಲಿ? ಬಿಟ್ಟೆ. ಅವಳು ಅದನ್ನು ಎರಡು ಸಲ ಓದಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಬರ್ತೇನೆ ಮಾಸ್ಟರ್ ಎಂದಳು. ಒಳ್ಳೆಯದಾಗಲಿ ಎಂದೆ. ಆರು ತಿಂಗಳ ಹಿಂದೆ ಅವಳು ಮೆಟ್ಟಿಲನ್ನು ಎರಡೆರಡು ಹಾರಿ ಹತ್ತಿ ಬಂದವಳು. ಇಳಿಯುವಾಗ ಒಂದೊಂದೇ ಇಳಿದದ್ದು ಕೇಳಿಸಿತು.

ಪಾರ್ಟಿ ಬೇಡವೆಂದ ನೈಟಿಗಳು ಅಗ್ಗದ ಮಾಲಾಗಿ ಕಲ್ಯಾಣ, ಡೊಂಬಿವಲಿಯ ಸ್ಟೇಷನ್ ರಸ್ತೆಗಳಲ್ಲಿ ರಾಶಿ ಬಿದ್ದವು. ಒಂದು ಸಂಜೆ ಮನೆಗೆ ಬಂದರೆ ನನ್ನ ಹೆಂಡತಿಯೇ ಅದನ್ನು ಹಾಕಿಕೊಂಡು ಒಲೆಯ ಮುಂದೆ ನಿಂತಿದ್ದಾಳೆ. ಬೆನ್ನ ತುಂಬ ತಲೆಕೆಳಗಾದ ಹಕ್ಕಿಗಳು. ಇದನ್ನು ಯಾಕೆ ತಂದೆ, ಪ್ರಿಂಟ್ ತಪ್ಪಿದೆ ಎಂದೆ. 'ಹಕ್ಕಿ ತಲೆಕೆಳಗಾದ್ರೆ ನಂಗೆಂತ? ಬಟ್ಟೆ ಗಟ್ಟಿ ಇದ್ರೆ ಸೈ,' ಎಂದಳು. ಬಟ್ಟೆ ಗಟ್ಟಿ ಇತ್ತು. ನಮ್ಮ ಬಣ್ಣ ಹೋಗುವಂಥದ್ದೂ ಅಲ್ಲ. ಎರಡು ವರ್ಷ ಅವಳು ಚಪಾತಿ ಲಟ್ಟಿಸುವಾಗಲೆಲ್ಲ ಆ ಹಕ್ಕಿಗಳು ನನ್ನೆದುರು ನೇತಾಡಿದವು. ವಿಷಯವೇನೆಂದು ಅವಳಿಗೆ ನಾನು ಹೇಳಲಿಲ್ಲ, ಹೇಳಿದರೆ ಅವಳು ಅಂದೇ ನನ್ನನ್ನು ಸೇಠ್ ಮನೆಗೆ ಅಟ್ಟುತ್ತಿದ್ದಳು.

ನನ್ನ ಕೆಲಸ ಹೋಗಲಿಲ್ಲ. ನೀಲೇಶನೇ ಎರಡು ವರ್ಷಕ್ಕೆ ಬಿಟ್ಟು ನವಿ ಮುಂಬೈಗೆ ಹೋದ. ಆ ಸ್ಟುಡಿಯೋದಲ್ಲಿ ನಾನು ಅವನಿಗಿಂತ ಎಷ್ಟೋ ವರ್ಷ ಹೆಚ್ಚು ಉಳಿದೆ. ಆಮೇಲಾಮೇಲೆ ಬಂದ ಇಂಟರ್ನ್‌ಗಳಿಗೆ ಮೊದಲ ದಿನವೇ ಟೂ-ವೇ ವಿಷಯ ಹೇಳುತ್ತಿದ್ದೆ, ಒಂದೊಂದು ಕಾರ್ಡನ್ನೂ ತೆರೆದು ನೋಡಿ ಸಹಿ ಮಾಡುತ್ತಿದ್ದೆ. ಮಾಸ್ಟರಿಗೆ ವಯಸ್ಸಾದ ಹಾಗೆ ಶಿಸ್ತು ಹೆಚ್ಚಾಯಿತು ಎಂದು ಮ್ಯಾನೇಜರ್ ಹೊಗಳುತ್ತಿದ್ದರು.

ನಿವೃತ್ತಿಯ ದಿನ ಹಾರ, ಶಾಲು, ಸಮೋಸ ಎಲ್ಲ ಆಯಿತು. ನಾಲ್ಕು ಮಾತು ಆಡಿ ಎಂದರು. ಎದ್ದು ನಿಂತು ದಿವಾ ಜಂಕ್ಷನ್ ಕಥೆ ಹೇಳಿ ನಗಿಸಿದೆ. ಆಮೇಲೆ ಫ್ಲೆಮಿಂಗೋ ಕಥೆಯನ್ನೂ ಹೇಳಿದೆ, ಅದು ಆ ಹುಡುಗಿಯ ತಪ್ಪಲ್ಲ, ನಾನು ನೋಡದೆ ಸಹಿ ಹಾಕಿದ್ದೆ ಎಂದೆ. ಸೇಠ್ ಪಕ್ಕದವರನ್ನು ಕೇಳಿದರು, ಯಾವ ಫ್ಲೆಮಿಂಗೋ ಎಂದು. ಯಾರಿಗೂ ನೆನಪಿರಲಿಲ್ಲ. ಮಾಸ್ಟರ್ ದೊಡ್ಡ ಮನಸ್ಸಿನವರು ಎಂದು ಚಪ್ಪಾಳೆ ತಟ್ಟಿದರು. ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ತಪ್ಪಾದ ಜಾಗದಲ್ಲಿ ಇಳಿಸಿದ್ದೆ.

ಅದಾಗಿ ಒಂದು ವಾರಕ್ಕೆ ಕಲ್ಯಾಣಕ್ಕೆ ಹೋಗಿ ರಶ್ಮಿಯ ಅಪ್ಪನನ್ನು ಹುಡುಕಿದೆ. ಅದೇ ಹೋಟೆಲಿನಲ್ಲಿದ್ದರು. ಮಗಳು ಮದುವೆಯಾಗಿ ಬದಲಾಪುರದಲ್ಲಿದ್ದಾಳೆ, ಠಾಣೆಯ ಮಾಜಿವಾಡಾದಲ್ಲಿ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಎಂದರು. ಡಿಸೈನ್ ಬಿಟ್ಟಳೇ ಎಂದು ಕೇಳಿದೆ. ನಿಮ್ಮಲ್ಲಿಂದ ಬಂದವಳು ಮತ್ತೆ ಆ ಲೈನಿನಲ್ಲಿ ಕೆಲಸ ಹುಡುಕಲೇ ಇಲ್ಲ, ತನಗೆ ಅದು ಹೇಳಿದ್ದಲ್ಲ ಎಂದುಬಿಟ್ಟಳು ಎಂದು ಅವರು ಹೇಳಿದರು. ಅವರ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಚಹಾ ತರಿಸಿ ಕುಡಿಸಿಯೇ ಕಳಿಸಿದರು.

ಭಾನುವಾರ ಬದಲಾಪುರಕ್ಕೆ ಹೋದೆ. ಬಾಗಿಲು ತೆರೆದವಳೇ ಗುರುತು ಹಿಡಿದು ಒಳಗೆ ಕರೆದಳು. ಮುಖ ತುಂಬಿಕೊಂಡಿತ್ತು, ದನಿ ಹಾಗೇ ಇತ್ತು. ನಮ್ಮ ಕಸುಬಿನವರ ಕಣ್ಣು ಯಾರ ಮನೆಗೆ ಹೋದರೂ ಮೊದಲು ಪರದೆಗೆ ಹೋಗುತ್ತದೆ. ಅವಳ ಮನೆಯ ಪರದೆಗಳೆಲ್ಲ ಸಾದಾ, ಒಂದು ಹೂವೂ ಇಲ್ಲದ್ದು. ಚಹಾ ತಂದುಕೊಟ್ಟು ಎದುರು ಕೂತಳು. ಊರಿನ ಸುದ್ದಿ, ಮೊಣಕಾಲಿನ ನೋವಿನ ಸುದ್ದಿ ಮುಗಿಯಿತು. ಇನ್ನು ಆಡಲು ಬೇರೆ ಮಾತು ಇರಲಿಲ್ಲ.

'ಆ ನೈಟಿ ವಿಷಯ,' ಎಂದು ಶುರು ಮಾಡಿದೆ. 'ತಪ್ಪು ನಿನ್ನದಲ್ಲ, ರಶ್ಮಿ. ಕಾರ್ಡಿಗೆ ನೋಡದೆ ಸಹಿ ಹಾಕಿದ್ದು ನಾನು.'

'ಮಾಲೂಮ್ ಹೈ, ಮಾಸ್ಟರ್,' ಎಂದಳು. 'ಫೈಲ್ ಮಾಡುವಾಗ ಆ ಕಾರ್ಡ್ ನಂಗೆ ಸಿಕ್ಕಿತ್ತು. ಪರದೆ ಅಂತ ಇದ್ದದ್ದನ್ನ ಕಾಟ್ ಮಾಡಿ ನೈಟಿ ಅಂತ ಬರ್ದಿದ್ರು. ಕೆಳಗೆ ನಿಮ್ಮ ಸೈನ್.'

ಲೋಟ ನನ್ನ ಕೈಯಲ್ಲೇ ಉಳಿಯಿತು. ಸೇಠ್‌ಗೆ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ತೋರಿಸಿದ್ದರೆ ಅಂದೇ ಎಲ್ಲ ಸರಿಹೋಗುತ್ತಿತ್ತು, ಬಹುಶಃ ಅವಳಿಗೆ ಅಲ್ಲೇ ಕೆಲಸವೂ ಸಿಗುತ್ತಿತ್ತು.

'ನೀವೇ ಹೇಳ್ತೀರಿ ಅಂತ ಇತ್ತು ನಂಗೆ,' ಎಂದಳು. 'ದಿನಾ ಬೆಳಿಗ್ಗೆ ಟ್ರೇನಲ್ಲಿ ಬರುವಾಗ ಅಂದ್ಕೊಳ್ತಿದ್ದೆ, ಆಜ್ ಬೋಲೇಂಗೆ.'

'ಆಮೇಲೆ?'

ಅವಳು ನನ್ನ ಕೈಯಿಂದ ಲೋಟ ತೆಗೆದುಕೊಂಡು ಎದ್ದಳು.

'ಆಮೇಲೆ ಆರು ತಿಂಗಳು ಮುಗೀತು, ಮಾಸ್ಟರ್.'